ಕಿಲ್ನ್‌ನಲ್ಲಿ ಗಾಜಿನ ಎರಕ: ವಸ್ತುಗಳು ಮತ್ತು ಅಚ್ಚು ತಯಾರಿಕೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಗಾಜಿನ ಎರಕವನ್ನು ಹೊಸದಾಗಿ ಕಲಿಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು, ಸಾಧ್ಯವಾದಷ್ಟು ಅವರದೇ ಮಾತಿನಲ್ಲಿ, ಸುಲಭದಿಂದ ಕಠಿಣದ ಕಡೆಗೆ ಸಾಗುವಂತೆ ಇಲ್ಲಿ ಜೋಡಿಸಿದ್ದೇನೆ. ಉತ್ತರಗಳಲ್ಲಿ ಗಾಜಿಗಿಂತ ಅಚ್ಚಿಗೆ ಹೆಚ್ಚು ಜಾಗ ಸಿಕ್ಕಿದೆ. ನನ್ನ ಕೈಯಲ್ಲಿ ಹಾಳಾದ ಎರಕಗಳನ್ನು ಲೆಕ್ಕ ಹಾಕಿದರೆ, ಅವುಗಳಲ್ಲಿ ಹೆಚ್ಚಿನವು ಕಿಲ್ನ್‌ನ (ಸುಡುವ ಗೂಡಿನ) ಬಾಗಿಲು ಮುಚ್ಚುವ ಮೊದಲೇ ಕೆಟ್ಟಿದ್ದವು ಎಂಬುದೇ ಅದಕ್ಕೆ ಕಾರಣ.

## ಆರಂಭದ ಪ್ರಶ್ನೆಗಳು

ಕಿಲ್ನ್ ಎರಕ ಎಂದರೆ ಏನು? ಗಾಜು ಊದುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಗಾಜು ಊದುವವರು ಕುಲುಮೆಯಲ್ಲಿ ಸದಾ ಕರಗಿರುವ ಗಾಜನ್ನು ಕೊಳವೆಯ ತುದಿಗೆ ಎತ್ತಿಕೊಂಡು, ಅದು ಆರುವುದರೊಳಗೆ ಆಕಾರ ಕೊಡುತ್ತಾರೆ. ಕಿಲ್ನ್ ಎರಕದಲ್ಲಿ ಹಾಗಲ್ಲ. ಶಾಖ ತಡೆಯುವ ಅಚ್ಚೊಂದನ್ನು ಮೊದಲೇ ಮಾಡಿ, ಅದರೊಳಗೆ ಅಥವಾ ಅದರ ಮೇಲಿನ ಬಟ್ಟಲಿನಲ್ಲಿ ತಣ್ಣನೆಯ ಗಾಜಿನ ತುಂಡುಗಳನ್ನಿಟ್ಟು, ಅಚ್ಚು ಮತ್ತು ಗಾಜು ಎರಡನ್ನೂ ಒಟ್ಟಿಗೇ ಬಿಸಿ ಮಾಡುತ್ತಾರೆ. ಸುಮಾರು 820ರಿಂದ 840 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಜು ದಪ್ಪ ಜೇನಿನಂತೆ ನಿಧಾನವಾಗಿ ಹರಿದು ಅಚ್ಚಿನ ಮೂಲೆಗಳನ್ನು ತುಂಬುತ್ತದೆ, ಅನಂತರ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ಅಲ್ಲೇ ತಣಿಯುತ್ತದೆ.

ವಿಧಾನ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಹೆನ್ರಿ ಕ್ರೋ ಗಾಜಿನ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಬೇಯಿಸುವ 'ಪಾತ್ ದ ವೆರ್' ಪದ್ಧತಿಗೆ ಮರುಜೀವ ಕೊಟ್ಟರು. ಇಪ್ಪತ್ತನೆಯ ಶತಮಾನದಲ್ಲಿ ಚೆಕ್ ದಂಪತಿ ಸ್ಟಾನಿಸ್ಲಾವ್ ಲಿಬೆನ್ಸ್ಕಿ ಮತ್ತು ಯಾರೊಸ್ಲಾವಾ ಬ್ರಿಖ್ತೋವಾ ಇದೇ ಮಾರ್ಗದಲ್ಲಿ ಬೃಹತ್ ಶಿಲ್ಪಗಳನ್ನು ಎರಕ ಹೊಯ್ದರು.

ಮಣ್ಣಿನ ಪಾತ್ರೆ ಸುಡುವ ಕಿಲ್ನ್ ಇದೆ. ಅದರಲ್ಲೇ ಮಾಡಬಹುದೇ?

ಉಷ್ಣತೆಯ ದೃಷ್ಟಿಯಿಂದ ಧಾರಾಳವಾಗಿ ಮಾಡಬಹುದು. ಕುಂಬಾರಿಕೆಯ ವಿದ್ಯುತ್ ಕಿಲ್ನ್ ಗಾಜಿಗೆ ಬೇಕಾದುದಕ್ಕಿಂತ ಹೆಚ್ಚೇ ಕಾಯುತ್ತದೆ. ಗಮನಿಸಬೇಕಾದದ್ದು ನಿಯಂತ್ರಕವನ್ನು. ಗಂಟೆಗೆ ನಾಲ್ಕೈದು ಡಿಗ್ರಿಯಷ್ಟು ನಿಧಾನವಾಗಿ ಇಳಿಸಬಲ್ಲ, ಕನಿಷ್ಠ ಏಳೆಂಟು ಹಂತಗಳನ್ನು ನೆನಪಿಟ್ಟುಕೊಳ್ಳಬಲ್ಲ ಡಿಜಿಟಲ್ ನಿಯಂತ್ರಕ ಇಲ್ಲದಿದ್ದರೆ ದಪ್ಪ ಎರಕದ ಆಸೆಯನ್ನು ಸದ್ಯಕ್ಕೆ ಬಿಡುವುದೇ ಒಳ್ಳೆಯದು. ಪಾತ್ರೆಗಳಿಗೆ ಹೇಳಿ ಮಾಡಿಸಿದ ಕಿಲ್ನ್‌ಗಳಲ್ಲಿ ಬಿಸಿ ಮಾಡುವ ತಂತಿಗಳು ಪಕ್ಕದ ಗೋಡೆಗಳಲ್ಲಿ ಇರುವುದರಿಂದ, ಅಚ್ಚನ್ನು ಗೋಡೆಗೆ ತಾಗಿಸದೆ ನಡುವೆ ಇಡಬೇಕು. ಮೂರು ಚಿಕ್ಕ ಕಾಲುಗಳ ಮೇಲೆ ಹಲಗೆಯನ್ನಿಟ್ಟು ಅದರ ಮೇಲೆ ಅಚ್ಚನ್ನು ಕೂರಿಸಿದರೆ ಅಡಿಯಲ್ಲೂ ಗಾಳಿ ಆಡುತ್ತದೆ. ಹಲಗೆ ಮಟ್ಟವಾಗಿದೆಯೇ ಎಂದು ಮಟ್ಟಗೋಲಿನಿಂದ ನೋಡಿ. ಕರಗಿದ ಗಾಜು ನೀರಿನಂತೆಯೇ ತನ್ನ ಮಟ್ಟವನ್ನು ತಾನೇ ಹುಡುಕಿಕೊಳ್ಳುತ್ತದೆ.

ಮೊದಲನೆಯದಾಗಿಯೇ ಒಂದು ತಲೆಯ ಶಿಲ್ಪ ಮಾಡಬೇಕೆಂಬ ಆಸೆ. ತಪ್ಪೇ?

ತಪ್ಪಲ್ಲ, ಆದರೆ ದುಬಾರಿ. ಮನುಷ್ಯನ ತಲೆಯ ನಿಜಗಾತ್ರದ ಗಟ್ಟಿ ಗಾಜನ್ನು ಸುರಕ್ಷಿತವಾಗಿ ತಣಿಸಲು ವಾರಗಳೇ ಬೇಕಾಗುತ್ತವೆ. ಅಂಗೈ ಅಗಲದ, 2 ಸೆಂಟಿಮೀಟರ್ ದಪ್ಪದ, ಮೇಲ್ಭಾಗ ತೆರೆದಿರುವ ಉಬ್ಬುಚಿತ್ರದ ಬಿಲ್ಲೆಯಿಂದ ಆರಂಭಿಸಿ. ಅದರ ಹಿಂಬದಿ ಚಪ್ಪಟೆ, ಮಾದರಿ ಮಣ್ಣಿನದು, ಗಾಜು ನೇರವಾಗಿ ಅಚ್ಚಿನೊಳಕ್ಕೆ. ಕೆಟ್ಟರೂ ಏಕೆ ಕೆಟ್ಟಿತು ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಅಂಥ ನಾಲ್ಕು ಬಿಲ್ಲೆಗಳು ಕಲಿಸುವಷ್ಟನ್ನು ಒಡೆದ ಒಂದು ತಲೆ ಕಲಿಸುವುದಿಲ್ಲ.

ಪುಡಿ ಕಲಸುವಾಗ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡರೆ ಸಾಲದೇ?

ಸಾಲದು. ಅಚ್ಚಿನ ಒಣ ಮಿಶ್ರಣದ ಅರ್ಧ ಭಾಗ ಪ್ಲಾಸ್ಟರ್ ಆಫ್ ಪ್ಯಾರಿಸ್, ಇನ್ನರ್ಧ ಸಿಲಿಕಾ (ಬೆಣಚುಕಲ್ಲಿನ) ಪುಡಿ. ಅದರ ಅತಿ ಸೂಕ್ಷ್ಮ ಕಣಗಳು ಬಟ್ಟೆಯನ್ನು ಸಲೀಸಾಗಿ ದಾಟಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ಅಲ್ಲಿಂದ ಹೊರಬರುವುದಿಲ್ಲ. ವರ್ಷಗಟ್ಟಲೆ ಉಸಿರಾಡಿದವರಿಗೆ ಸಿಲಿಕೋಸಿಸ್ ಎಂಬ, ವಾಸಿಯಾಗದ ರೋಗ ಬರುತ್ತದೆ. ಮುಖಕ್ಕೆ ಬಿಗಿಯಾಗಿ ಕೂರುವ, ಧೂಳಿನ ಫಿಲ್ಟರ್ ಇರುವ ಮಾಸ್ಕ್ ಬೇಕು. ಎನ್95 ಕನಿಷ್ಠ, ಪಿ100 ಉತ್ತಮ. ಪುಡಿಯನ್ನು ತೂಗುವಾಗ ಮಾತ್ರವಲ್ಲ, ಸುಟ್ಟ ಅಚ್ಚನ್ನು ಒಡೆಯುವಾಗಲೂ ಅದನ್ನು ಧರಿಸಬೇಕು, ಏಕೆಂದರೆ ಆಗ ಅಚ್ಚು ಮತ್ತೆ ಧೂಳಾಗುತ್ತದೆ. ಕೆಲಸದ ಜಾಗವನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಶಾಖ ತಡೆಯುವ ನಾರಿನ ಹಾಳೆಯಾದ ಸೆರಾಮಿಕ್ ಫೈಬರ್ ಕತ್ತರಿಸುವಾಗಲೂ ಇದೇ ನಿಯಮ.

ಇನ್ನೊಂದು ಎಚ್ಚರಿಕೆ: ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ದಪ್ಪ ರಾಶಿಯಲ್ಲಿ ಅದು 60 ಡಿಗ್ರಿಯನ್ನೂ ಮೀರಬಲ್ಲದು. ಕೈಯನ್ನೇ ಪ್ಲಾಸ್ಟರಿನಲ್ಲಿ ಹುದುಗಿಸಿ ಅಚ್ಚು ತೆಗೆಯುವ ಸಾಹಸವನ್ನು ಯಾರೂ, ಅದರಲ್ಲೂ ಮಕ್ಕಳು, ಮಾಡಕೂಡದು.

## ಗಾಜಿನ ಕುರಿತು

ಹಳೆಯ ಬಾಟಲಿಗಳು ರಾಶಿ ಬಿದ್ದಿವೆ. ಅವನ್ನೇ ಕರಗಿಸಿದರೆ ಆಗದೇ?

ಆಗುತ್ತದೆ, ಒಂದು ಎರಕಕ್ಕೆ ಒಂದೇ ಬಾಟಲಿಯ ಗಾಜು ಎಂಬ ನಿಯಮ ಪಾಲಿಸಿದರೆ. ಎರಡು ಬಾಟಲಿಗಳು ಒಂದೇ ಬಣ್ಣದಲ್ಲಿದ್ದರೂ ಅವು ಬಿಸಿಗೆ ಹಿಗ್ಗುವ ಪ್ರಮಾಣ ಒಂದೇ ಇರಬೇಕೆಂದಿಲ್ಲ. ಬೆಸೆದುಕೊಂಡು ತಣಿಯುವಾಗ ಒಂದು ಹೆಚ್ಚು ಕುಗ್ಗಿ ಇನ್ನೊಂದನ್ನು ಎಳೆಯುತ್ತದೆ, ಆ ಎಳೆತ ಅಲ್ಲೇ ಉಳಿದು ಅಂದೇ ಅಥವಾ ತಿಂಗಳುಗಳ ನಂತರ ಬಿರುಕಾಗುತ್ತದೆ. ಅಲ್ಲದೆ ಬಾಟಲಿ ಗಾಜು ಮತ್ತು ಕಿಟಕಿ ಗಾಜು ಎರಕದ ಗಾಜಿಗಿಂತ ಬಿಗಿ ಸ್ವಭಾವದವು. ಹರಿಯಲು ಹೆಚ್ಚು ಶಾಖ ಕೇಳುತ್ತವೆ, ಮೇಲ್ಮೈಯಲ್ಲಿ ಸಣ್ಣ ಹರಳುಗಳು ಮೂಡಿ ಮಂಕಾಗುವ ಪ್ರವೃತ್ತಿಯೂ ಅವುಗಳಲ್ಲಿ ಹೆಚ್ಚು. ಅಡುಗೆಮನೆಯ ಶಾಖ ತಡೆಯುವ ಬೋರೊಸಿಲಿಕೇಟ್ ಗಾಜನ್ನಂತೂ ಯಾವುದರ ಜೊತೆಗೂ ಬೆರೆಸಬಾರದು: ಅದು ಸಾಮಾನ್ಯ ಗಾಜಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚಷ್ಟೇ ಹಿಗ್ಗುತ್ತದೆ. ಅಭ್ಯಾಸಕ್ಕೆ ಬಾಟಲಿ ಸರಿ. ಶ್ರಮಪಟ್ಟು ಮಾಡಿದ ಅಚ್ಚಿಗೆ ಅದನ್ನು ನಾನು ಹಾಕುವುದಿಲ್ಲ.

90, 96 ಎಂಬ ಸಂಖ್ಯೆಗಳು ಏನು? ಸೀಸದ ಗಾಜು ಬೇಕೇ?

ಅವು ಗಾಜು ಹಿಗ್ಗುವ ಗುಣಾಂಕದ ಸಂಕ್ಷೇಪಗಳು. 90 ಎಂದರೆ ಒಂದು ಡಿಗ್ರಿ ಏರಿಕೆಗೆ ಪ್ರತಿ ಮೀಟರಿನಲ್ಲಿ ಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ 9 ಭಾಗದಷ್ಟು ಹಿಗ್ಗುವ ಗಾಜು, 96 ಎಂದರೆ 9.6 ಭಾಗ. ವ್ಯತ್ಯಾಸ ಚಿಕ್ಕದೆನಿಸಿದರೂ ಇವೆರಡನ್ನು ಬೆರೆಸುವಂತಿಲ್ಲ. ಸಂಖ್ಯೆ ಒಂದೇ ಆಗಿರುವುದೂ ಪೂರ್ಣ ಭರವಸೆಯಲ್ಲ, ಏಕೆಂದರೆ ಗಾಜು ಎಷ್ಟು ಡಿಗ್ರಿಯಲ್ಲಿ ಬಿಗಿಯುತ್ತದೆ ಎಂಬುದೂ ಹೊಂದಬೇಕು. ಒಂದೇ ತಯಾರಕರ, ಪರಸ್ಪರ ಹೊಂದುತ್ತದೆಂದು ಪರೀಕ್ಷಿಸಿದ ಗಾಜುಗಳನ್ನಷ್ಟೇ ಕೂಡಿಸಿ.

ಸಂಶಯವಿದ್ದರೆ ಪಾರದರ್ಶಕ ಪಟ್ಟಿಯೊಂದರ ಮೇಲೆ ಪರೀಕ್ಷಿಸಬೇಕಾದ ಗಾಜಿನ ಚೂರನ್ನಿಟ್ಟು ಬೆಸೆದು, ಸರಿಯಾಗಿ ತಣಿಸಿ, ಅಡ್ಡಕ್ಕೆ ತಿರುಗಿಸಿದ ಎರಡು ಪೋಲರೈಸಿಂಗ್ ಹಾಳೆಗಳ ನಡುವೆ ಬೆಳಕಿಗೆ ಹಿಡಿಯಿರಿ. ಚೂರಿನ ಸುತ್ತ ಬೆಳಕಿನ ಪ್ರಭಾವಳಿ ಕಂಡರೆ ಅಲ್ಲಿ ಒತ್ತಡವಿದೆ, ಜೋಡಿ ಹೊಂದುವುದಿಲ್ಲ.

ಸೀಸದ ಗಾಜು ಕಡಿಮೆ ಶಾಖಕ್ಕೆ ಸರಾಗವಾಗಿ ಹರಿಯುತ್ತದೆ, ಹೊಳಪೂ ಹೆಚ್ಚು. ಆದರೆ ಅದನ್ನು ತಿಕ್ಕಿದಾಗ ಏಳುವ ಧೂಳಿನಲ್ಲಿ ಸೀಸವಿರುತ್ತದೆ, ಆಹಾರ ಪಾನೀಯದ ಪಾತ್ರೆಗಳಿಗೆ ಅದು ಯೋಗ್ಯವಲ್ಲ. ಮೊದಲ ವರ್ಷ ಸೀಸವಿಲ್ಲದ ಗಾಜೇ ಸಾಕು.

ಎಷ್ಟು ಗಾಜು ಹಾಕಬೇಕೆಂದು ಹೇಗೆ ತಿಳಿಯುವುದು? ಪ್ರತಿ ಬಾರಿಯೂ ಕಡಿಮೆ ಬೀಳುತ್ತದೆ.

ಕಣ್ಣಳತೆಯನ್ನು ನಂಬಿದರೆ ಎಲ್ಲರಿಗೂ ಕಡಿಮೆಯೇ ಬೀಳುತ್ತದೆ. ಸಾಮಾನ್ಯ ಗಾಜಿನ ಸಾಂದ್ರತೆ ಸುಮಾರು 2.5, ಎಂದರೆ ಅಚ್ಚಿನ ಟೊಳ್ಳು ಎಷ್ಟು ಮಿಲಿಲೀಟರ್ ಹಿಡಿಯುತ್ತದೋ ಅದರ ಎರಡೂವರೆ ಪಟ್ಟು ಗ್ರಾಂ ಗಾಜು ಬೇಕು. ಮಣ್ಣಿನ ಮಾದರಿಯಾದರೆ, ಅಚ್ಚಿನಿಂದ ತೆಗೆದ ಮಣ್ಣನ್ನೆಲ್ಲ ಗುರುತು ಹಾಕಿದ ಜಾಡಿಯ ನೀರಿನಲ್ಲಿ ಮುಳುಗಿಸಿ, ನೀರು ಎಷ್ಟು ಏರಿತೆಂದು ಓದಿಕೊಳ್ಳಿ. ಮೇಣದ ಮಾದರಿಯಾದರೆ ಇನ್ನೂ ಸುಲಭ: ಮೇಣದ ಸಾಂದ್ರತೆ ಸುಮಾರು 0.9 ಇರುವುದರಿಂದ ಮಾದರಿಯ ತೂಕವನ್ನು 2.8ರಿಂದ ಗುಣಿಸಿದರೆ ಗಾಜಿನ ತೂಕ ಸಿಗುತ್ತದೆ. 100 ಗ್ರಾಂ ಮೇಣಕ್ಕೆ 280 ಗ್ರಾಂ ಗಾಜು. ಸೀಸದ ಗಾಜು ಇನ್ನೂ ಭಾರ, ಅದಕ್ಕೆ ತಯಾರಕರು ಕೊಟ್ಟ ಸಾಂದ್ರತೆಯನ್ನೇ ಬಳಸಿ. ಮೇಲಿನ ಬಟ್ಟಲಿನಿಂದ ಹರಿಸುವುದಾದರೆ ಅದರ ಒಳಗೋಡೆಗೆ ಅಂಟಿ ಉಳಿಯುವ ಗಾಜಿಗಾಗಿ ಒಂದಿಷ್ಟು ಹೆಚ್ಚು ಸೇರಿಸಬೇಕು. ತೂಗಿದ ಸಂಖ್ಯೆಯನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಬಾರಿ ಅದೇ ಅಚ್ಚಿಗೆ ಯೋಚಿಸಬೇಕಾಗಿಲ್ಲ.

ದಪ್ಪ ತುಂಡುಗಳೋ, ನುಚ್ಚೋ? ಗುಳ್ಳೆಗಳೇ ಇಲ್ಲದ ಗಾಜು ಬೇಕು.

ಗುಳ್ಳೆ ಎಂದರೆ ತುಂಡುಗಳ ನಡುವೆ ಸಿಕ್ಕಿಕೊಂಡ ಗಾಳಿ. ತುಂಡು ದೊಡ್ಡದಾದಷ್ಟೂ ಸಂದುಗಳು ಕಡಿಮೆ, ಗಾಜು ತಿಳಿ. ಫ್ರಿಟ್ ಎಂದು ಕರೆಯುವ ಗಾಜಿನ ನುಚ್ಚು ಸಣ್ಣದಾದಷ್ಟೂ ಗುಳ್ಳೆಗಳು ಕಿರಿದಾಗಿ, ಲೆಕ್ಕವಿಲ್ಲದಷ್ಟಾಗಿ, ಗಾಜು ಮಂಜು ಕವಿದಂತೆ ಕಾಣುತ್ತದೆ. ಅದೂ ಒಂದು ಸೊಗಸೇ, ಪಾತ್ ದ ವೆರ್‌ನ ಮೃದು ಬೆಳಕಿಗೆ ಕಾರಣ ಅದೇ. ತಿಳಿಗಾಜು ಬೇಕಾದವರು ಎರಕಕ್ಕೆಂದೇ ಮಾಡಿದ ಗಾಜಿನ ಗಟ್ಟಿಗಳನ್ನು ತೊಳೆದು ಒಣಗಿಸಿ, ಅಚ್ಚಿನ ಮೇಲೆ ಕೂರಿಸಿದ ಮಣ್ಣಿನ ಹೂಕುಂಡದಲ್ಲಿಟ್ಟು, ಅದರ ತಳದ 2 ಸೆಂಟಿಮೀಟರ್ ತೂತಿನಿಂದ ಹರಿಯಬಿಡಬೇಕು. ಗಾಜು ಎಳೆಯಾಗಿ ಇಳಿಯುವಾಗ ಅನೇಕ ಗುಳ್ಳೆಗಳು ಮೇಲೆಯೇ ಉಳಿಯುತ್ತವೆ. ಕುಂಡ ಬಿರುಕಿಲ್ಲದ್ದಾಗಿ, ಚೆನ್ನಾಗಿ ಒಣಗಿದ್ದಾಗಿರಬೇಕು.

ನುಚ್ಚು ಬಳಸುವವರು ಇನ್ನೊಂದು ಲೆಕ್ಕ ನೆನಪಿಡಬೇಕು. ನುಚ್ಚನ್ನು ತುಂಬಿದಾಗ ಜಾಗದ ಸುಮಾರು ಶೇಕಡಾ 60 ಭಾಗ ಮಾತ್ರ ಗಾಜು, ಉಳಿದದ್ದು ಗಾಳಿ. 400 ಮಿಲಿಲೀಟರ್ ಅಚ್ಚಿಗೆ 1 ಕಿಲೋ ಗಾಜು ಬೇಕು, ಆದರೆ ಅಂಚಿನವರೆಗೆ ತುಂಬಿದರೂ 600 ಗ್ರಾಂ ನುಚ್ಚಷ್ಟೇ ಹಿಡಿಸುತ್ತದೆ. ಉಳಿದ 400 ಗ್ರಾಂ ನಿಲ್ಲಲು ಅಚ್ಚಿನ ಬಾಯಿಯನ್ನು ಮೊದಲೇ ಎತ್ತರಿಸಿರಬೇಕು.

ಸುಂದರವಾದ ನೀಲಿ ಹಾಕಿದೆ, ಹೊರಬಂದದ್ದು ಕಪ್ಪು. ಏನಾಯಿತು?

3 ಮಿಲಿಮೀಟರ್ ಹಾಳೆಯಲ್ಲಿ ಕಡುನೀಲಿಯಾಗಿ ಕಂಡ ಬಣ್ಣ 40 ಮಿಲಿಮೀಟರ್ ದಪ್ಪದಲ್ಲಿ ಬೆಳಕನ್ನು ಪೂರ್ತಿ ನುಂಗುತ್ತದೆ. ಎರಕಕ್ಕೆ ತೆಳುಛಾಯೆಯ ಗಾಜುಗಳೇ ಸರಿ. ಇಲ್ಲವಾದರೆ ಪಾರದರ್ಶಕ ನುಚ್ಚಿಗೆ ಚೂರೇ ಚೂರು ಬಣ್ಣದ ಪುಡಿ ಬೆರೆಸಿ ನೀವೇ ಛಾಯೆ ಮಾಡಿಕೊಳ್ಳಿ. ಕೆಲವು ಬಣ್ಣಗಳು ಪರಸ್ಪರ ಜಗಳವಾಡುತ್ತವೆ ಎಂಬುದನ್ನೂ ಗಮನಿಸಿ. ಗಂಧಕ ಅಥವಾ ಸೆಲೆನಿಯಂ ಇರುವ ಹಳದಿ, ಕೆಂಪು ಗಾಜುಗಳು ತಾಮ್ರವಿರುವ ಹಸಿರು, ನೀಲಿಗಳಿಗೆ ತಾಗಿದಲ್ಲಿ ಕಂದು ಗೆರೆ ಮೂಡಬಹುದು.

## ಮಾದರಿ ಮತ್ತು ಅಚ್ಚು

ಮಾದರಿಯನ್ನು ಮಣ್ಣಿನಲ್ಲಿ ಮಾಡಲೇ, ಮೇಣದಲ್ಲಿ ಮಾಡಲೇ?

ಒಳಕ್ಕೆ ಸರಿದ ಭಾಗಗಳಿಲ್ಲದ, ಒಂದು ಬದಿಯಿಂದ ಕೈಹಾಕಿ ತೆಗೆಯಬಹುದಾದ ಆಕಾರಕ್ಕೆ ಹಸಿ ಜೇಡಿಮಣ್ಣು ಸಾಕು. ಪ್ಲಾಸ್ಟರ್ ಗಟ್ಟಿಯಾದ ಮೇಲೆ ಮಣ್ಣನ್ನು ಮರದ ಕಡ್ಡಿಯಿಂದ ಬಿಡಿಸಿ, ಮೆತ್ತನೆಯ ಕುಂಚ ಮತ್ತು ನೀರಿನಿಂದ ತೊಳೆದರಾಯಿತು. ಮಣ್ಣಿಗೆ ಎಣ್ಣೆ, ಸಾಬೂನು ಏನೂ ಬೇಡ. ಮಣ್ಣಿನ ಒಂದು ತೊಂದರೆಯೆಂದರೆ ಮೂಲೆಗಳಲ್ಲಿ ಉಳಿದ ಚೂರು ಗಾಜಿನ ಮೈಗೆ ಬೆಂದು ಅಂಟುತ್ತದೆ, ಆದ್ದರಿಂದ ದೀಪ ಹಿಡಿದು ಪರೀಕ್ಷಿಸಿ.

ಬೆರಳುಗಳು, ಎಲೆಗಳು, ಸುರುಳಿಗಳಂಥ ಸಂಕೀರ್ಣ ಆಕಾರಕ್ಕೆ ಮೇಣ. ಅಚ್ಚನ್ನು ತಲೆಕೆಳಗಾಗಿ ಉಗಿಯ ಮೇಲಿಟ್ಟು ಮೇಣವನ್ನು ಇಳಿಸಿ, ಕೊನೆಗೆ ಕುದಿನೀರಿನಿಂದ ತೊಳೆಯುತ್ತಾರೆ. ಉಗಿಯಿಂದ ತೆಗೆಯುವ ಬದಲು ಕಿಲ್ನ್‌ನಲ್ಲಿಯೇ ಸುಟ್ಟರಾಗದೇ ಎಂದು ಕೇಳುವವರಿದ್ದಾರೆ. ಹೊಗೆ ಒಂದು ಕಡೆ, ಇಂಗಾಲದ ಕಪ್ಪು ಕಲೆ ಇನ್ನೊಂದು ಕಡೆ; ಎರಡೂ ಬೇಡವಾದರೆ ಉಗಿಯೇ ಮೇಲು. ಒಂದೇ ಆಕಾರವನ್ನು ಹಲವು ಸಲ ಎರಕ ಹೊಯ್ಯುವವರು ಮೂಲಕ್ಕೆ ಸಿಲಿಕೋನ್ ರಬ್ಬರಿನ ತಾಯಿ ಅಚ್ಚು ಮಾಡಿ, ಅದರಿಂದ ಮೇಣದ ಪ್ರತಿಗಳನ್ನು ತೆಗೆಯುತ್ತಾರೆ. ಮೂಲವು ಗಂಧಕವಿರುವ ಎಣ್ಣೆಮಣ್ಣಿನದಾಗಿದ್ದರೆ ಪ್ಲಾಟಿನಂ ವರ್ಗದ ಸಿಲಿಕೋನ್ ಅದರ ಮೇಲೆ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ.

ಬರೀ ಪ್ಲಾಸ್ಟರ್ ಆಫ್ ಪ್ಯಾರಿಸ್ ಸಾಲದೇ? ಸಿಲಿಕಾ ಏಕೆ?

ಬರೀ ಪ್ಲಾಸ್ಟರ್ ಕಿಲ್ನ್‌ನ ಶಾಖಕ್ಕೆ ಕುಗ್ಗಿ, ಸೀಳಿ, ಪುಡಿಯಾಗುತ್ತದೆ. ಬರೀ ಸಿಲಿಕಾ ಶಾಖವನ್ನು ತಡೆಯುತ್ತದೆ, ಆದರೆ ತಾನಾಗಿ ಅಂಟಿಕೊಳ್ಳುವುದಿಲ್ಲ. ಪ್ಲಾಸ್ಟರ್ ಹಿಡಿದಿಡುತ್ತದೆ, ಸಿಲಿಕಾ ತಡೆದುಕೊಳ್ಳುತ್ತದೆ. ಆರಂಭಿಕರಿಗೆ ಇವೆರಡರ ಸಮಪಾಲು, ತೂಕದಲ್ಲಿ, ಎಲ್ಲಕ್ಕಿಂತ ನಂಬಿಕೆಯ ಮಿಶ್ರಣ. ನೀರೂ ಅದೇ ತೂಕ: 1 ಪಾಲು ನೀರು, 1 ಪಾಲು ಪ್ಲಾಸ್ಟರ್, 1 ಪಾಲು ಸಿಲಿಕಾ. ಒಂದು ಲೀಟರ್ ಮಿಶ್ರಣಕ್ಕೆ ಪ್ರತಿಯೊಂದೂ ಸುಮಾರು 570 ಗ್ರಾಂ ಬೇಕಾಗುತ್ತದೆ. ಅಚ್ಚಿನ ಚೌಕಟ್ಟಿನ ಗಾತ್ರದಿಂದ ಮಾದರಿಯ ಗಾತ್ರವನ್ನು ಕಳೆದರೆ ಎಷ್ಟು ಲೀಟರ್ ಬೇಕೆಂದು ತಿಳಿಯುತ್ತದೆ.

ಪಾಲುಗಳನ್ನು ಅಳತೆಪಾತ್ರೆಯಿಂದ ಅಳೆಯದೆ ತಕ್ಕಡಿಯಲ್ಲಿ ತೂಗಿ. ನೀರು ಹೆಚ್ಚಾದ ಅಚ್ಚು ರಂಧ್ರಮಯವಾಗಿ ದುರ್ಬಲವಾಗುತ್ತದೆ, ಕಡಿಮೆಯಾದರೆ ಮಿಶ್ರಣ ಹರಿಯದೆ ಮಾದರಿಯ ಮೇಲೆ ಗಾಳಿ ಉಳಿಯುತ್ತದೆ. ಹೀಗೆ ಉಳಿದ ಗಾಳಿಯ ಪ್ರತಿ ಗುಳಿಯೂ ಗಾಜಿನ ಮೇಲೆ ಒಂದು ಮೊಡವೆಯಾಗಿ ಬರುತ್ತದೆ.

ಕಲಸುವಾಗ ಗಂಟುಗಳಾಗುತ್ತವೆ, ಕೆಲವೊಮ್ಮೆ ಸುರಿಯುವ ಮೊದಲೇ ಗಟ್ಟಿಯಾಗುತ್ತದೆ.

ನೀರನ್ನು ಪುಡಿಗೆ ಸುರಿಯಬೇಡಿ. ಪುಡಿಯನ್ನು ನೀರಿಗೆ ಉದುರಿಸಿ. ಒಣ ಪುಡಿಗಳೆರಡನ್ನೂ ಮೊದಲೇ ಚೆನ್ನಾಗಿ ಬೆರೆಸಿಟ್ಟುಕೊಂಡು, ತಣ್ಣನೆಯ ನೀರಿನ ಮೇಲೆ ಹಿಡಿಹಿಡಿಯಾಗಿ ಜರಡಿಯಾಡಿಸಿದಂತೆ ಉದುರಿಸಿ, ಒಂದೆರಡು ನಿಮಿಷ ಮುಟ್ಟದೆ ನೆನೆಯಲು ಬಿಡಿ. ಆಮೇಲೆ ಕೈಗವಸು ತೊಟ್ಟು, ಕೈಯನ್ನು ತಳದಲ್ಲೇ ಆಡಿಸುತ್ತಾ ಗಾಳಿ ಸೇರದಂತೆ ಮೂರು ನಾಲ್ಕು ನಿಮಿಷ ಕಲಸಿ. ಗಟ್ಟಿ ಬಣ್ಣದ ಹದಕ್ಕೆ ಬಂದಾಗ ಮೊದಲ ಪದರವನ್ನು ಮೆತ್ತನೆಯ ಕುಂಚದಿಂದ ಮಾದರಿಗೆ ಹಚ್ಚಿ, ಉಳಿದದ್ದನ್ನು ಒಂದು ಮೂಲೆಯಿಂದ ನಿಧಾನವಾಗಿ ಸುರಿದು, ಮೇಜನ್ನು ಮೆಲ್ಲಗೆ ತಟ್ಟಿ ಗುಳ್ಳೆಗಳನ್ನು ಮೇಲೇಳಿಸಿ.

ಬೇಗ ಗಟ್ಟಿಯಾಗುವುದಕ್ಕೆ ಬಿಸಿನೀರು ಅಥವಾ ಅತಿಯಾಗಿ ಕಲಸಿದ್ದು ಕಾರಣವಿರುತ್ತದೆ. ಪಾತ್ರೆಗೆ ಅಂಟಿದ ಹಳೆಯ ಪ್ಲಾಸ್ಟರ್ ಚೂರುಗಳು ಕೂಡ ಹೊಸದನ್ನು ಅವಸರಕ್ಕೆ ದೂಡುತ್ತವೆ. ಉಳಿದ ಮಿಶ್ರಣವನ್ನು ಯಾವ ಕಾರಣಕ್ಕೂ ಸಿಂಕಿಗೆ ಸುರಿಯಬಾರದು, ಅದು ಕೊಳವೆಯೊಳಗೂ ಗಟ್ಟಿಯಾಗುತ್ತದೆ.

ಅಚ್ಚಿನ ಗೋಡೆ ಎಷ್ಟು ದಪ್ಪವಿರಬೇಕು? ತಂತಿ ಹಾಕಬೇಕೇ?

ಚಿಕ್ಕ ಅಚ್ಚಿಗೆ ಎಲ್ಲ ಕಡೆ 2.5ರಿಂದ 3 ಸೆಂಟಿಮೀಟರ್. ದಪ್ಪಕ್ಕಿಂತ ಸಮನಾಗಿರುವುದು ಮುಖ್ಯ. ಒಂದು ಬದಿ ತೆಳ್ಳಗೆ ಇನ್ನೊಂದು ದಪ್ಪಗೆ ಇದ್ದರೆ ಗಾಜಿನ ಎರಡು ಬದಿಗಳು ಬೇರೆ ಬೇರೆ ವೇಗದಲ್ಲಿ ತಣಿಯುತ್ತವೆ. ಹೊರಮೂಲೆಗಳನ್ನು ಹೆರೆದು ದುಂಡಗೆ ಮಾಡಿ. ಎತ್ತರದ ಅಚ್ಚಿಗೆ ಹೊರಗೋಡೆಯ ಹತ್ತಿರ ಕೋಳಿಬಲೆಯ ತಂತಿಯನ್ನು ಹುದುಗಿಸಬಹುದು, ಆದರೆ ಲೋಹ ಅಚ್ಚಿಗಿಂತ ಹೆಚ್ಚು ಹಿಗ್ಗುವುದರಿಂದ ಅದು ಟೊಳ್ಳಿನ ಸಮೀಪ ಬರಬಾರದು. ದ್ರವಗಾಜು ನೀರಿಗಿಂತ ಎರಡೂವರೆ ಪಟ್ಟು ಭಾರವಾಗಿ ಗೋಡೆಯನ್ನು ಒತ್ತುತ್ತಿರುತ್ತದೆ ಎಂಬುದನ್ನು ಮರೆಯಬೇಡಿ. ಮುಚ್ಚಿದ ಅಚ್ಚಿನಲ್ಲಿ, ಗಾಜು ಕೊನೆಗೆ ತಲುಪುವ ಎತ್ತರದ ತುದಿಗಳಿಂದ ಹೊರಕ್ಕೆ ಕಡ್ಡಿಗಾತ್ರದ ಗಾಳಿಕಂಡಿಗಳನ್ನು ಬಿಡಬೇಕು. ಇಲ್ಲದಿದ್ದರೆ ಅಲ್ಲಿ ಸಿಕ್ಕಿದ ಗಾಳಿ ಗಾಜಿಗೆ ಜಾಗ ಬಿಡುವುದಿಲ್ಲ.

ಪ್ಲಾಸ್ಟರ್ ಇಲ್ಲದೆ ಅಚ್ಚು ಮಾಡಲು ಬೇರೆ ದಾರಿ ಇಲ್ಲವೇ?

ಚೌಕ, ಆಯತದಂಥ ನೇರ ಆಕಾರಗಳಿಗೆ ವರ್ಮಿಕ್ಯುಲೈಟ್ (ಶಾಖ ತಡೆಯುವ ಒಂದು ಖನಿಜ) ಹಲಗೆ ಅಥವಾ ಸೆರಾಮಿಕ್ ಫೈಬರ್ ಹಲಗೆಯ ಪಟ್ಟಿಗಳನ್ನು ಪೆಟ್ಟಿಗೆಯಂತೆ ಜೋಡಿಸಿ, ಒಳಗೆ 3 ಮಿಲಿಮೀಟರ್ ಫೈಬರ್ ಕಾಗದ ಹಾಸಿದರೆ ಸಾಕು. ಹಲಗೆಗಳನ್ನು ಮತ್ತೆ ಮತ್ತೆ ಬಳಸಬಹುದು. ಸುಟ್ಟ ಮಣ್ಣಿನ ಸಿದ್ಧ ಅಚ್ಚುಗಳೂ ಇವೆ. ಅವುಗಳಿಗೆ ಅಲ್ಯುಮಿನಾ ಮತ್ತು ಕೇಯೊಲಿನ್ ಇರುವ ಕಿಲ್ನ್ ವಾಶನ್ನು ಹಲವು ತೆಳು ಪದರಗಳಲ್ಲಿ ಬಳಿಯದಿದ್ದರೆ ಗಾಜು ಅಚ್ಚಿಗೇ ಬೆಸೆದುಹೋಗುತ್ತದೆ. ಪ್ಲಾಸ್ಟರ್-ಸಿಲಿಕಾ ಅಚ್ಚಿಗೆ ಈ ಲೇಪನ ಬೇಡ.

ಅಚ್ಚು ವಾರದಿಂದ ಬಿಸಿಲಿನಲ್ಲಿದೆ, ಮುಟ್ಟಿದರೆ ಒಣಗಿದೆ. ಇನ್ನೂ ಒಣಗಿಸಬೇಕೇ?

ಬೇಕು. 3 ಲೀಟರ್ ಗಾತ್ರದ ಅಚ್ಚಿಗೆ ನೀವು ಸುಮಾರು 1.7 ಕಿಲೋ ನೀರು ಸುರಿದಿದ್ದೀರಿ. ಅದರಲ್ಲಿ ಪ್ಲಾಸ್ಟರ್ ರಾಸಾಯನಿಕವಾಗಿ ಕಟ್ಟಿಕೊಂಡದ್ದು 300 ಗ್ರಾಂನಷ್ಟು. ಉಳಿದದ್ದು ರಂಧ್ರಗಳಲ್ಲಿ ಸುಮ್ಮನೆ ನಿಂತಿರುವ ನೀರು. ಬಿಸಿಲು ಈ ಎರಡನೆಯದನ್ನು ಮಾತ್ರ ತೆಗೆಯಬಲ್ಲದು, ಅದೂ ಹೊರಪದರದಿಂದ ಒಳಕ್ಕೆ, ಬಹಳ ನಿಧಾನವಾಗಿ. ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟಾಗುತ್ತದೆ, ಅವಸರದಲ್ಲಿ ಬಿಸಿ ಮಾಡಿದರೆ ಆ ಆವಿ ದಾರಿ ಕಾಣದೆ ಅಚ್ಚನ್ನೇ ಸೀಳುತ್ತದೆ.

ಅಚ್ಚನ್ನು ಪ್ರತಿದಿನ ತೂಗುವುದು ಎಲ್ಲಕ್ಕಿಂತ ಪ್ರಾಮಾಣಿಕ ಪರೀಕ್ಷೆ. ತೂಕ ಇಳಿಯುವುದು ನಿಂತ ಮೇಲೆ ಕಿಲ್ನ್‌ಗೆ ಇಟ್ಟು, 95 ಡಿಗ್ರಿಯಲ್ಲಿ ಕನಿಷ್ಠ ಆರು ಗಂಟೆ ನಿಲ್ಲಿಸಿ, ಅನಂತರ 200 ಡಿಗ್ರಿಗೆ ಒಯ್ದು ಕಟ್ಟುನೀರೂ ಹೋಗುವಂತೆ ಮತ್ತೆ ಕೆಲವು ಗಂಟೆ ಕಾಯಿರಿ. ಕಿಲ್ನ್‌ನ ಗಾಳಿಕಂಡಿಯ ಮುಂದೆ ತಣ್ಣನೆಯ ಕನ್ನಡಿ ಹಿಡಿದಾಗ ಅದು ಮಸುಕಾದರೆ ನೀರು ಇನ್ನೂ ಬರುತ್ತಿದೆ ಎಂದರ್ಥ. ಒಮ್ಮೆ ನಾನು ಈ ಕನ್ನಡಿಯ ಮಾತನ್ನು ಕೇಳದೆ ರಾತ್ರಿ ಕಿಲ್ನ್‌ನ ಕಾರ್ಯಕ್ರಮವನ್ನು (ನಿಯಂತ್ರಕಕ್ಕೆ ಕೊಡುವ ಉಷ್ಣತೆಯ ಹಂತಗಳನ್ನು) ಮುಂದಿನ ಹಂತಕ್ಕೆ ತಳ್ಳಿ ಮಲಗಿದೆ. ಬೆಳಿಗ್ಗೆ ಗಾಜೆಲ್ಲ ಕಿಲ್ನ್‌ನ ಹಲಗೆಯ ಮೇಲಿತ್ತು, ಅಚ್ಚು ಎರಡು ಹೋಳಾಗಿತ್ತು.

## ಬೇಯಿಸುವುದು ಮತ್ತು ತಣಿಸುವುದು

ಒಂದು ಸಿದ್ಧ ಕಾರ್ಯಕ್ರಮ ಕೊಡಿ, ಅದನ್ನೇ ಹಾಕುತ್ತೇನೆ.

25 ಮಿಲಿಮೀಟರ್ ದಪ್ಪದ, 90ರ ವರ್ಗದ ಗಾಜಿನ ಚಿಕ್ಕ ಎರಕಕ್ಕೆ ನಾನು ಹಾಕುವುದನ್ನು ಹೇಳುತ್ತೇನೆ, ನಿಮ್ಮ ಕಿಲ್ನ್‌ಗೆ ತಕ್ಕಂತೆ ತಿದ್ದಿಕೊಳ್ಳಬೇಕು. ಮೇಲೆ ಹೇಳಿದ ಒಣಗಿಸುವ ಹಂತಗಳಾದ ಮೇಲೆ ಗಂಟೆಗೆ 50 ಡಿಗ್ರಿಯಂತೆ 670ರವರೆಗೆ ಏರಿಸುತ್ತೇನೆ. ಸಿಲಿಕಾ ಪುಡಿಯಲ್ಲಿರುವ ಕ್ವಾರ್ಟ್ಜ್ 573 ಡಿಗ್ರಿಯಲ್ಲಿ ಒಮ್ಮೆಲೇ ಹಿಗ್ಗುವುದರಿಂದ ಈ ದಾರಿಯಲ್ಲಿ ಅವಸರ ಸಲ್ಲದು. 670ರಲ್ಲಿ ಎರಡು ಗಂಟೆ ನಿಲ್ಲಿಸಿದರೆ ಗಾಜು ಮೆತ್ತಗಾಗಿ ಸಂದಿನ ಗಾಳಿ ಹೊರಬೀಳಲು ಅವಕಾಶವಾಗುತ್ತದೆ. ಅಲ್ಲಿಂದ ಗಂಟೆಗೆ 150ರಂತೆ 830ಕ್ಕೆ ಏರಿಸಿ ಮೂರು ಗಂಟೆ. ಹೊರಗಿನಿಂದ ನೋಡುವ ಕಿಂಡಿಯಿದ್ದರೆ, ಕಪ್ಪುಗಾಜಿನ ಕನ್ನಡಕ ಧರಿಸಿ, ಗಾಜು ತುಂಬಿತೇ ಎಂದು ನೋಡಿ ಆಮೇಲಷ್ಟೇ ಇಳಿಸುತ್ತೇನೆ. ಈ ಶಾಖದಲ್ಲಿ ಪ್ಲಾಸ್ಟರಿನಿಂದ ಗಂಧಕದ ವಾಸನೆ ಬರಬಹುದು, ಕೋಣೆಗೆ ಗಾಳಿ ಬೇಕು. 830ರಿಂದ ತಣಿಸುವ ಉಷ್ಣತೆಯವರೆಗೆ (ಈ ಗಾಜಿಗೆ 482, ಮುಂದಿನ ಉತ್ತರ ನೋಡಿ) ಬೇಗ ಇಳಿಸಬೇಕು, ಏಕೆಂದರೆ 700-800ರ ನಡುವೆ ಗಾಜು ಹೆಚ್ಚು ಹೊತ್ತು ನಿಂತರೆ ಮೈಯಲ್ಲಿ ಹರಳುಗಟ್ಟುತ್ತದೆ.

ತಣಿಸಲು ಇಷ್ಟೊಂದು ಹೊತ್ತು ಏಕೆ?

ಗಾಜಿನ ಹೊರಮೈ ಮೊದಲು ತಣಿದು ಬಿಗಿಯುತ್ತದೆ, ಒಳಗಿನದು ಆಮೇಲೆ ಕುಗ್ಗುವಾಗ ಹೊರಮೈಯನ್ನು ಎಳೆಯುತ್ತದೆ. ಒಳಗೂ ಹೊರಗೂ ಒಂದೇ ಉಷ್ಣತೆಗೆ ಬರಲು ಸಮಯ ಕೊಟ್ಟು, ಆಮೇಲೆ ಒಳಹೊರಗಿನ ವ್ಯತ್ಯಾಸ ಬೆಳೆಯದಷ್ಟು ನಿಧಾನವಾಗಿ ಇಳಿಸುವುದನ್ನೇ ಅನೀಲಿಂಗ್ ಎನ್ನುತ್ತಾರೆ. ದಪ್ಪ ಎರಡರಷ್ಟಾದರೆ ಇಳಿಸುವ ವೇಗ ಕಾಲು ಭಾಗವಾಗಬೇಕು ಎಂಬುದು ಇಲ್ಲಿನ ಮುಖ್ಯ ಸೂತ್ರ.

ಬುಲ್ಸ್‌ಐ ಎಂಬ, 90ರ ವರ್ಗದ ಗಾಜಿನ ತಯಾರಕರ ಕೋಷ್ಟಕದಲ್ಲಿ 25 ಮಿಲಿಮೀಟರ್ ಬಿಲ್ಲೆಗೆ 482 ಡಿಗ್ರಿಯಲ್ಲಿ 4 ಗಂಟೆ, ಅಲ್ಲಿಂದ 427ರವರೆಗೆ ಗಂಟೆಗೆ 15 ಡಿಗ್ರಿ, 371ರವರೆಗೆ 27, ಆಮೇಲೆ 90. ಒಟ್ಟು ಹದಿನಾಲ್ಕು ಗಂಟೆಯ ಹತ್ತಿರ. 50 ಮಿಲಿಮೀಟರಿಗೆ 8 ಗಂಟೆ ನಿಲ್ಲಿಸಿ, 3.8, 6.8, 22 ಡಿಗ್ರಿಗಳ ವೇಗ. ಸುಮಾರು ನಲವತ್ತಾರು ಗಂಟೆ. ಈ ಲೆಕ್ಕ ಎರಡೂ ಬದಿಗಳಿಂದ ಸಮನಾಗಿ ತಣಿಯುವ ಬಿಲ್ಲೆಯದು. ದಪ್ಪ ಅಚ್ಚಿನೊಳಗೆ ಕುಳಿತು, ಮೇಲ್ಭಾಗ ಮಾತ್ರ ತೆರೆದಿರುವ ಎರಕಕ್ಕೆ ನಾನು ಎರಡರಷ್ಟು ದಪ್ಪದ ಲೆಕ್ಕವನ್ನೇ ಹಿಡಿಯುತ್ತೇನೆ: 25 ಮಿಲಿಮೀಟರಿನದಕ್ಕೆ 50ರ ಕಾರ್ಯಕ್ರಮ. ಎರಕದಲ್ಲಿ ತೆಳು ಮತ್ತು ದಪ್ಪ ಭಾಗಗಳೆರಡೂ ಇದ್ದರೆ ಅತಿ ದಪ್ಪದ್ದೇ ಲೆಕ್ಕಕ್ಕೆ.

ಕಿಲ್ನ್ 100 ಡಿಗ್ರಿ ತೋರಿಸುತ್ತಿದೆ. ಈಗ ತೆರೆಯಬಹುದೇ?

ಬೇಡ. ಅಳೆಯುವ ಕಡ್ಡಿ ಕಿಲ್ನ್‌ನ ಗಾಳಿಯ ಬಿಸಿಯನ್ನು ಹೇಳುತ್ತದೆ, ಅಚ್ಚಿನ ನಡುವಿನ ಗಾಜು ಅದಕ್ಕಿಂತ ಬಿಸಿಯಾಗಿರುತ್ತದೆ. ಕೋಣೆಯ ಉಷ್ಣತೆಗೆ ಇಳಿದ ಮೇಲೂ ಒಂದು ದಿನ ಬಿಟ್ಟು ಅಚ್ಚು ಬಿಡಿಸಿ. ಬೆಚ್ಚಗಿರುವ ಅಚ್ಚನ್ನು ನೀರಿಗೆ ಹಾಕಬೇಡಿ. ಧೂಳು ಏಳದಷ್ಟು ನೀರು ಚಿಮುಕಿಸಿ, ಮರದ ಉಪಕರಣದಿಂದ ಚೂರುಚೂರಾಗಿ ಬಿಡಿಸಿ. ಮೂಲೆಗಳಲ್ಲಿ ಅಂಟಿದ್ದಕ್ಕೆ ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಸಿ ಹಲ್ಲುಜ್ಜುವ ಕುಂಚದಿಂದ ತಿಕ್ಕಿ.

## ಸ್ವಲ್ಪ ಅನುಭವವಾದ ಮೇಲೆ

ಎರಕದ ಅಂಚಿನಲ್ಲಿ ಸೂಜಿಗಳಂಥ ಮೊನೆಗಳು, ಮೈಮೇಲೆ ರೆಕ್ಕೆಯಂಥ ಹಾಳೆಗಳು. ಇವೇನು?

ಎರಡಕ್ಕೂ ಕಾರಣ ಬೇರೆ. ಗಾಜು ಕರಗಿ ಇಳಿಯುವಾಗ ಅಂಚು ಅಚ್ಚಿನ ಗೋಡೆಯನ್ನು ಹಿಡಿದುಕೊಂಡು ಎಳೆದರೆ ಸೂಜಿಗಳಾಗುತ್ತವೆ; ಗಾಜನ್ನು ಗೋಡೆಗೆ ಒತ್ತಿ ತುಂಬದೆ ನಡುವೆ ರಾಶಿ ಹಾಕಿದರೆ, ಹಲಗೆಯ ಪೆಟ್ಟಿಗೆಯಲ್ಲಿ ಫೈಬರ್ ಕಾಗದವನ್ನು ಗಾಜಿನ ಅಂತಿಮ ಎತ್ತರಕ್ಕಿಂತ ಸ್ವಲ್ಪ ಕೆಳಗೆ ಕತ್ತರಿಸಿದರೆ ಕಡಿಮೆಯಾಗುತ್ತವೆ. ರೆಕ್ಕೆಗಳು ಅಚ್ಚಿನ ಬಿರುಕಿನೊಳಕ್ಕೆ ಗಾಜು ನುಗ್ಗಿದ ಗುರುತು. ಎರಡೂ ಚಾಕುವಿಗಿಂತ ಹರಿತ, ಕೈಗವಸಿಲ್ಲದೆ ಮುಟ್ಟಬೇಡಿ.

ಎರಕ ಒಡೆದಿದೆ. ತಪ್ಪು ಎಲ್ಲಿ ಆಯಿತೆಂದು ಬಿರುಕು ನೋಡಿ ಹೇಳಬಹುದೇ?

ಬಹುಮಟ್ಟಿಗೆ ಹೇಳಬಹುದು, ಆದ್ದರಿಂದ ಚೂರುಗಳನ್ನು ಎಸೆಯುವ ಮೊದಲು ಜೋಡಿಸಿ ನೋಡಿ. ಬಿರುಕು ಎರಡು ಬಣ್ಣಗಳ ಗಡಿಯನ್ನೇ ಹಿಡಿದು ಓಡಿದ್ದರೆ ಗಾಜುಗಳು ಹೊಂದಲಿಲ್ಲ. ಬಣ್ಣಗಳನ್ನು ಲೆಕ್ಕಿಸದೆ, ದಪ್ಪ ಭಾಗದ ನಡುವೆ ಬಾಗುತ್ತಾ ಸಾಗಿದ್ದರೆ ತಣಿಸಿದ್ದು ಸಾಲಲಿಲ್ಲ. ಒಳಮೂಲೆಯೊಂದರಿಂದ ಹೊರಟಿದ್ದರೆ ಗಾಜು ಕುಗ್ಗುವಾಗ ಅಚ್ಚು ಬಿಟ್ಟುಕೊಡಲಿಲ್ಲ ಎಂದು ಶಂಕಿಸಿ. 30 ಸೆಂಟಿಮೀಟರ್ ಉದ್ದದ ಎರಕ 500 ಡಿಗ್ರಿಯಿಂದ ಕೋಣೆಯ ಉಷ್ಣತೆಗೆ ಬರುವಷ್ಟರಲ್ಲಿ ಸುಮಾರು 1.3 ಮಿಲಿಮೀಟರ್ ಕುಗ್ಗುತ್ತದೆ. ಸುಟ್ಟ ಪ್ಲಾಸ್ಟರ್-ಸಿಲಿಕಾ ಮೆತ್ತಗಿರುವುದರಿಂದ ಸಾಮಾನ್ಯವಾಗಿ ದಾರಿ ಬಿಡುತ್ತದೆ. ಸಿಮೆಂಟು ಬೆರೆಸಿ ಬಲಪಡಿಸಿದ ಅಚ್ಚು ಬಿಡುವುದಿಲ್ಲ. ಅಚ್ಚಿಗೆ ಬೇಕಾದದ್ದು ಕೆಲಸ ಮುಗಿಯುವವರೆಗಿನ ಬಲ ಮಾತ್ರ.

ಒಳಗೆ ಟೊಳ್ಳಿರುವ ಬಟ್ಟಲನ್ನು ಎರಕ ಹೊಯ್ಯುವುದು ಹೇಗೆ?

ಹೊರ ಅಚ್ಚಿನ ಒಳಗೆ ಒಂದು ತಿರುಳನ್ನು ನಿಲ್ಲಿಸಿ, ನಡುವಿನ ಸಂದಿನಲ್ಲಿ ಗಾಜು ತುಂಬಬೇಕು. ಕುಗ್ಗುವ ಗಾಜು ತಿರುಳನ್ನು ಎಲ್ಲ ಕಡೆಯಿಂದ ಹಿಸುಕುವುದರಿಂದ, ಹಿಂದಿನ ಉತ್ತರದಲ್ಲಿ ಹೇಳಿದ ಅಪಾಯ ಇಲ್ಲಿ ಹಲವು ಪಟ್ಟು. ತಿರುಳಿಗೆ ಸಿಲಿಕಾ ಪಾಲನ್ನು ಸ್ವಲ್ಪ ಹೆಚ್ಚಿಸಿ ದುರ್ಬಲವಾಗಿ ಮಾಡಿ, ಅದರ ನಡುವನ್ನು ಕೊರೆದು ಟೊಳ್ಳು ಬಿಡಿ. ಮೇಲಕ್ಕೆ ಅಗಲವಾಗುವ ಬಟ್ಟಲಿನ ಆಕಾರ ನೇರ ಗೋಡೆಯದಕ್ಕಿಂತ ಸುಲಭ. ಅಚ್ಚು ಮತ್ತು ತಿರುಳು ಒಂದೇ ಸುರಿತದಲ್ಲಿ ಆದರೆ ತಿರುಳು ಜರಗುವ ಭಯವಿಲ್ಲ. ಮೇಣದ ಬಟ್ಟಲಿನ ಮಾದರಿ ಮಾಡಿದರೆ ಇದು ತಾನಾಗಿ ಸಾಧ್ಯವಾಗುತ್ತದೆ.

ಹೊರಬಂದ ಗಾಜು ಒರಟಾಗಿದೆ. ಹೊಳಪು ಹೇಗೆ?

ಅಚ್ಚಿಗೆ ತಾಗಿದ ಮೈ ಯಾವಾಗಲೂ ಮಂದವಾಗಿಯೇ ಬರುತ್ತದೆ. ವಜ್ರದ ಪುಡಿ ಕೂಡಿಸಿದ ಕೈಹಲಗೆಗಳಿಂದ 60, 120, 220, 400 ಎಂಬ, ಒರಟಿನಿಂದ ನಯಕ್ಕೆ ಸಾಗುವ ಕ್ರಮದಲ್ಲಿ, ಸದಾ ನೀರು ಹಾಕುತ್ತಾ ತಿಕ್ಕಿ, ಅನಂತರ ಪ್ಯೂಮಿಸ್ ಕಲ್ಲಿನ ಪುಡಿ, ಕೊನೆಗೆ ಹೊಳಪು ಕೊಡುವ ಸೀರಿಯಂ ಆಕ್ಸೈಡ್ ಪುಡಿ. ಒಂದು ಹಂತದ ಗೀರು ಪೂರ್ತಿ ಹೋಗದೆ ಮುಂದಿನದಕ್ಕೆ ಹೋದರೆ ಅದು ಹೊಳಪಿನ ಕೆಳಗೆ ಹಾಗೆಯೇ ಉಳಿದು, ಬೆಳಕು ಬಿದ್ದಾಗ ಮೊದಲು ಕಣ್ಣಿಗೆ ಬೀಳುವುದು ಅದೇ ಆಗಿರುತ್ತದೆ. ಪ್ರತಿ ಹಂತದ ನಡುವೆ ಗಾಜನ್ನೂ ಕೈಯನ್ನೂ ತೊಳೆದುಕೊಳ್ಳಿ. ಹಿಂದಿನ ಹಂತದ ಒಂದೇ ಒಂದು ಕಣ ಉಳಿದರೂ ಹೊಸ ಗೀರು ಬೀಳುತ್ತದೆ. ಎಲ್ಲ ಕಡೆ ಹೊಳಪು ಕೊಡಲೇಬೇಕೆಂದೂ ಇಲ್ಲ. ಬೆಳಕು ಒಳಹೋಗಲು ಒಂದು ಬದಿಯನ್ನು ಕಿಟಕಿಯಂತೆ ಹೊಳಪುಗೊಳಿಸಿ ಉಳಿದದ್ದನ್ನು ಅಚ್ಚು ಕೊಟ್ಟಂತೆಯೇ ಬಿಟ್ಟ ಎರಕಗಳೇ ನನ್ನ ಕಪಾಟಿನಲ್ಲಿ ಹೆಚ್ಚು.